ಹಿರಿಯರ ಮೂಲೆಯಲ್ಲಿ ಯೀಸ್ಟ್

ಸಿಲ್ವಿಯಾಳಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಧಾರವಾಡದ ಲ್ಯಾಬಿನಲ್ಲಿ ಯೀಸ್ಟ್ ಬೆಳೆಸುವ ಬೆಚ್ಚನೆಯ ಪೆಟ್ಟಿಗೆ ಕೆಟ್ಟು ಕೂತಿತ್ತು. ರಿಪೇರಿಯವನು ನಾಳೆ ನಾಳೆ ಎಂದು ದಿನ ದೂಡುತ್ತಿದ್ದ. ಸೋಮವಾರ ಫಲಿತಾಂಶ ತೋರಿಸದಿದ್ದರೆ ಸಂಶೋಧನೆಯ ಈ ವಿಷಯ ಜೊತೆಯ ವಿದ್ಯಾರ್ಥಿ ಶರಣಬಸವನಿಗೆ ಎಂದು ಗೈಡ್ ಖಡಾಖಂಡಿತ ಹೇಳಿದ್ದರು. ವರ್ಷಗಟ್ಟಲೆ ಅವಳು ಜೀವ ತೇಯ್ದ ವಿಷಯ! ಬೇರೆ ದಾರಿ ಕಾಣದೆ, ತೀರಿಹೋದ ಹಿರಿಯರ ಪೂಜೆಗೆ ಹಳಿಯಾಳದ ಹತ್ತಿರದ ತನ್ನೂರಿಗೆ ಹೊರಟವಳು ಯೀಸ್ಟಿನ ಪುಟ್ಟ ಮುಚ್ಚಳದ ತಟ್ಟೆಗಳನ್ನೂ ಕಟ್ಟಿಕೊಂಡು ಬಸ್ ಹತ್ತಿದಳು.

"ಇದರಾಗ ಏನೈತಿ?" ಎಂದಳು ತಾಯಿ ರೋಜಿ.

"ಜೀವಕೋಶದಾಗ ಜೀನ್ ನಕಲು ಮಾಡೋ ಯಂತ್ರ ಇರತೈತಿ ಅವ್ವಾ. ಹೊಂಟದ್ದು ಒಮ್ಮೊಮ್ಮೆ ನಡುವ ನಿಂತುಬಿಡತೈತಿ. ಅದನ್ನ ಮುಂದ ದೂಡಾಕ ಒಂದು ಪ್ರೋಟೀನ್ ಐತಿ. ಆ ಪ್ರೋಟೀನ್ ಇಲ್ಲದ ಯೀಸ್ಟು ಈ ತಟ್ಟ್ಯಾಗ ಹಾಕಿದ ಔಷಧದ ಮ್ಯಾಲ ಸೊರಗಬೇಕು, ಇದ್ದದ್ದು ಬೆಳೀಬೇಕು. ಅಷ್ಟು ತೋರಿಸಿದ್ರ ಗೆದ್ದಂಗ."

ಮನೆಯಲ್ಲಿ ಕೋಳಿ, ಬೆಕ್ಕು, ಅಣ್ಣನ ಮಕ್ಕಳು ಯಾರೂ ಸುಳಿಯದ ಬೆಚ್ಚನೆಯ ಜಾಗ ಒಂದೇ, ಒಲೆಯ ಗೋಡೆಗೆ ಹೊಂದಿಕೊಂಡ ಹಿರಿಯರ ಮೂಲೆ. ಯೇಸುವಿನ ಪಟಕ್ಕಿಂತ ಅಲ್ಲಿ ಒಂದು ಕೈ ಹೆಚ್ಚೇ ಭಯಭಕ್ತಿ. ತಟ್ಟೆಗಳನ್ನು ಅಲ್ಲಿಟ್ಟು, ಅಲುಗಾಡಿಸಬೇಡಿ ಎಂದಳು. ಮುಚ್ಚಳ ತೆಗೆಯಬೇಡಿ ಎನ್ನಲು ಹೊಳೆಯಲಿಲ್ಲ, ಹುಚ್ಚಿಗೆ.

ಮೂರು ದಿನ ಬೆಳೆಯಲು ಬಿಟ್ಟು ಭಾನುವಾರ ಬೆಳಿಗ್ಗೆ ನೋಡಿದರೆ ಮುಚ್ಚಳಗಳನ್ನು ಪಕ್ಕದಲ್ಲಿ ಒಪ್ಪವಾಗಿ ಪೇರಿಸಿಡಲಾಗಿತ್ತು. ತಟ್ಟೆಗಳ ತುಂಬ ಊದಿನಕಡ್ಡಿಯ ಬೂದಿ, ಹಸಿರು ಬೂಸ್ಟು.

"ಯಾರು ತಗದ್ರು ಇದನ್ನ?"

"ನಾನ. ಹಿರಿಯರ ಮುಂದ ಏನೂ ಮುಚ್ಚಿಡಬಾರದಲ್ಲ, ನಿನಗ ಗೊತ್ತಿಲ್ಲೇನು? ಕಾಯಿ ನೀರು ಚಿಮುಕಿಸಿ, ನನ್ನ ಮಗಳ ಕೆಲಸ ಕೈಗೂಡಲಿ ಅಂತ ಬೇಡಿಕೊಂಡೆ."

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಕಿರುಚಬೇಕು, ಎಲ್ಲವನ್ನೂ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ಗೈಡ್ ಫೋನು.

"ಎಲ್ಲಾ ಕೆಟ್ಟಿದೆ ಸರ್."

"ಕೆಟ್ಟಿದೆಯಾ? ಹೇಗೆ?"

ನಿಜ ಹೇಳಿದರೆ ನಾಳೆ ಚಹಾದ ಹೊತ್ತಿಗೆ ಇಡೀ ವಿಭಾಗ ಅವ್ವನನ್ನು ಆಡಿಕೊಂಡು ನಗುತ್ತದೆ.

"ನಾನೇ ಮುಚ್ಚಳ ಹಾಕೋದು ಮರೆತೆ, ಸರ್."

"ಸರಿ. ಇನ್ನು ಶರಣಬಸವ ನೋಡಿಕೊಳ್ಳಲಿ," ಎಂದು ಅವರು ಫೋನಿಟ್ಟರು.

ರೋಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಸಾಹೇಬ್ರು ಏನಂದ್ರು?"

"ಚಲೋ ಆಗೇತಿ ಅಂದ್ರು."

"ನೋಡಿದ್ಯಾ! ಹಿರಿಯರಿಗೆ ಇನ್ನೊಂದು ಕಾಯಿ ಒಡೀಬೇಕು," ಎಂದು ರೋಜಿ ಮುಖ ಅರಳಿಸಿದಳು. ಸಿಲ್ವಿಯಾ ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ಕಾಯಿ ತಂದುಕೊಟ್ಟಳು.