ಹದಿನೆಂಟರ ಮನೆ

ದೆಹಲಿಯ ಓಖ್ಲಾದ ಆ ಪ್ರೆಸ್ಸಿನಲ್ಲಿ ಗಿರಾಕಿಯ ಸಹಿ ಬೀಳದೆ ಯಾವ ಪ್ರೂಫೂ ಮೆಷಿನ್ ಹತ್ತುವುದಿಲ್ಲ. ಸಹಿ ಬಿದ್ದ ಮೇಲೆ ತಪ್ಪೆಲ್ಲ ಗಿರಾಕಿಯದು ಎನ್ನುವುದು ಬರೀ ಬಾಯಿಮಾತು, ಬೈಗುಳ ಮೆಷಿನ್ ಓಡಿಸುವ ತಿಪ್ಪೇಸ್ವಾಮಿಗೇ. ಹೋದ ತಿಂಗಳು ಯಾರದೋ ಕ್ಯಾಲೆಂಡರಿನಲ್ಲಿ ಒಂದೇ ವಾರಕ್ಕೆ ಎರಡು ಮಂಗಳವಾರ ಬಂದಾಗ ಮಾಲೀಕ ಕಿಶನ್ ಹೇಳಿಬಿಟ್ಟಿದ್ದ, ಇನ್ನೊಂದು ತಪ್ಪು ಆಚೆ ಹೋದರೆ ನೀನೂ ಆಚೆ.

ಇವತ್ತು ಮೂರು ಸಾವಿರ ಗೋಡೆಪಟ. ಮೂಲವಸ್ತುಗಳ ಆವರ್ತ ಕೋಷ್ಟಕ, ಒಂದೊಂದು ಕಂಬಸಾಲಿಗೂ ಒಂದೊಂದು ಬಣ್ಣ. ಮಾಡಿಸುವವನು ಕೋಚಿಂಗ್ ಸೆಂಟರಿನ ಕೆಮಿಸ್ಟ್ರಿ ಮೇಷ್ಟ್ರು ಶ್ರೀವತ್ಸ, ಅವನೂ ಕನ್ನಡದವನೇ. ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು, ಮುಖದಲ್ಲಿ ಅದಕ್ಕಿಂತ ದೊಡ್ಡ ಗತ್ತು.

"ಸಾರ್, ಹದಿನೇಳಾದ್ಮೇಲೆ ಹತ್ತೊಂಬತ್ತು ಬಂದಿದೆ. ಹದಿನೆಂಟು ಅದರ ಆಚೆ."

"ತೂಕದ ಪ್ರಕಾರ ಕಣಯ್ಯಾ. ನಾನೇ ಕಂಪ್ಯೂಟರಲ್ಲಿ ಹೊಸದಾಗಿ ಜೋಡಿಸಿದ್ದು. ಮೆಂಡಲೀವ್ ಜೋಡಿಸಿದ್ದೂ ತೂಕ ನೋಡೇ. ನೀನು ಓದಿರೋದು ಎಷ್ಟನೇ ಕ್ಲಾಸು?"

"ಒಂಬತ್ತು. ಅದೂ ಅರ್ಧ."

"ಅರ್ಧ ಒಂಬತ್ತಿಗೆ ಹದಿನೆಂಟರ ಚಿಂತೆ!" ತನ್ನ ಮಾತಿಗೆ ತಾನೇ ನಕ್ಕ.

ತಿಪ್ಪೇಸ್ವಾಮಿಯ ಕಿವಿ ಕಾದವು. ಶಾಲೆ ಬಿಟ್ಟ ಮೇಲೆ ಎರಡು ವರ್ಷ ಫರೀದಾಬಾದಿನ ಶೆಡ್ಡಿನಲ್ಲಿ ಅವನು ಆರ್ಗನ್ ವೆಲ್ಡಿಂಗ್ ಮಾಡಿದ್ದ. ಆ ಗ್ಯಾಸ್ ಯಾರ ಜೊತೆಗೂ ಸೇರುವುದಿಲ್ಲ. ಅದಕ್ಕೇ ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯುತ್ತದೆ. ಈ ಪಟದಲ್ಲಿ ಹದಿನೆಂಟನೇ ನಂಬರಿನ ಅದೇ ಆರ್ಗನ್, ನೀರು ತಾಗಿದರೆ ಸಿಡಿಯುವ ಸೋಡಿಯಮ್ಮಿನ ಕೆಳಗೆ ಕೆಂಪು ಬಣ್ಣದಲ್ಲಿ ಕೂತಿತ್ತು. ಪೊಟ್ಯಾಸಿಯಂ ಹೋಗಿ ನಿಯಾನಿನ ಕೆಳಗೆ.

"ತೂಕ ಒಂದನ್ನೇ ನಂಬಿದ್ರೆ ಅಯೋಡಿನ್ನು ಕ್ಲೋರಿನ್ ಸಾಲಿಗೆ ಬರ್ತಾನೇ ಇರ್ಲಿಲ್ಲ ಸಾರ್. ಗುಣ ನೋಡಿ ಮೆಂಡಲೀವ್ ಅದನ್ನ ಪಕ್ಕಕ್ಕೆ ಸರಿಸಿದ. ಈ ನಂಬರಿನ ಲೆಕ್ಕ ಆಮೇಲೆ ಸಿಕ್ಕಿದ್ದು. ನಿಮ್ಮಂಥೋರ ಪುಸ್ತಕ ಪ್ರಿಂಟ್ ಹಾಕ್ವಾಗ ಓದಿದೀನಿ."

"ಓದೋದಲ್ಲ ನಿನ್ನ ಕೆಲ್ಸ, ಮೆಷಿನ್ ಓಡ್ಸೋದು. ಕೊಡಿಲ್ಲಿ." ಶ್ರೀವತ್ಸ ಪೆನ್ನು ತೆಗೆದು ಹಾಳೆಯ ಮೂಲೆಗೆ ಕೈ ಒಯ್ದ.

ತಿಪ್ಪೇಸ್ವಾಮಿ ಮೂಲೆಯ ಮೇಲೆ ಅಂಗೈ ಊರಿದ. "ಅಲ್ಲಿ ಬೇಡ. ಈ ಹದಿನೆಂಟರ ಮನೆ ಒಳಗೇ ಹಾಕಿ. ನಾಳೆ ಹುಡುಗ್ರು ಕೇಳಿದ್ರೆ ಯಾರ ಆರ್ಗನ್ನು ಅಂತ ಗೊತ್ತಾಗ್ಲಿ."

"ಏನು ಹೆದರ್ಸ್ತೀಯಾ?" ಶ್ರೀವತ್ಸ ಮನೆಯೊಳಗೆ ಅರ್ಧ ಸಹಿ ಎಳೆದ. ಎಳೆಯುತ್ತಲೇ ಕಣ್ಣು ಮೇಲಿನ ಸೋಡಿಯಮ್ಮಿಗೆ ಹೋಯಿತು. ಪೆನ್ನು ಅಲ್ಲೇ ನಿಂತಿತು. ಫೋನ್ ಬಂತು ಎಂದು ಹೊರಗೆ ಹೋದ. ಫೋನ್ ಬಂದಿರಲಿಲ್ಲ.

ಒಳಗೆ ಬಂದವನು ಸೀದಾ ಕಿಶನ್ ಮೇಜಿಗೆ ಹೋಗಿ ಹಿಂದಿಯಲ್ಲಿ ಶುರುಮಾಡಿದ: ನಿಮ್ಮ ಹುಡುಗ ಫೈಲ್ ಕೆಡಿಸಿದ್ದ, ಸದ್ಯ ನನ್ನ ಕಣ್ಣಿಗೆ ಬಿತ್ತು.

"ಫಿರ್ ಗಲತೀ?" ಮತ್ತೆ ತಪ್ಪಾ ಎಂದು ಕಿಶನ್ ಎದ್ದೇಬಿಟ್ಟ.

ತಿಪ್ಪೇಸ್ವಾಮಿ ಹಾಳೆ ತಂದು ಮೇಜಿನ ಮೇಲೆ ಹಾಸಿದ. ಕಿಶನ್ ಕೆಂಪು ಮನೆಯೊಳಗಿನ ಅರ್ಧ ಹಸಿರು ಸಹಿ ನೋಡಿದ, ಆಮೇಲೆ ಶ್ರೀವತ್ಸನ ಜೇಬು ನೋಡಿದ.

"ಚಲೋ, ಸರಿ ಮಾಡಿ, ಸಹಿ ಹಾಕಿಸಿ ಮೆಷಿನ್ ಚಾಲೂ ಕರೋ." ಅಷ್ಟೇ. ಕ್ಷಮೆ ಯಾರ ಬಾಯಲ್ಲೂ ಇಲ್ಲ.

"ಆ ಹಾಳೆ ಕೊಡು, ಹರಿದು ಹಾಕ್ತೀನಿ," ಎಂದ ಶ್ರೀವತ್ಸ ಮೆಲ್ಲಗೆ.

"ಗಿರಾಕಿ ಸಹಿ ಇರೋದನ್ನ ನಾವು ಎಸೆಯಲ್ಲ ಸಾರ್."

ಬಾಗಿಲಿಗೆ ಎದುರಾದ ಗೋಡೆಗೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ, ತಿಪ್ಪೇಸ್ವಾಮಿ ಆ ಹಾಳೆ ಒತ್ತಿ ನಾಲ್ಕು ಮೊಳೆ ಹೊಡೆದ.