ಕೆಮ್ಮಬಾರದ ದಿನ

“ಏ ಲೌಡಿ, ಇನ್ನೊಮ್ಮಿ ಕೆಮ್ಮಿದ್ರ ಗಂಟ್ಲಾಗ ಅರಳಿ ತುರುಕ್ತೀನಿ ನೋಡು!”

ಮೇಸ್ತ್ರಿ ಬಸಲಿಂಗ ಬೈದದ್ದು ಅಯ್ಯಮ್ಮನಿಗೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಮ್ಮು ನಿಲ್ಲಲಿಲ್ಲ. ರಂಗಂಪೇಟೆಯ ಆಚೆಗಿನ ಈ ಹತ್ತಿ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ಅರಳೆಯೊಳಗಿನ ಕಸ ಆರಿಸಿದವಳು ಅವಳು. ಈಗ ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಾಳೆ. ಪಕ್ಕದಲ್ಲೇ ಸೊಸೆ ಮೌನೇಶ್ವರಿ ಕೂತು ಆರಿಸುತ್ತಿದ್ದಳು.

ಇಲ್ಲಿನ ಅರಳೆ ಕೊಳ್ಳುವ ಹೊರದೇಶದ ಅಂಗಿ ಕಂಪನಿಯವರು ಅಂದು ಬರುವವರಿದ್ದರು. ಕೂಲಿಯವರನ್ನು ಚೆನ್ನಾಗಿ ನೋಡಿಕೊಳ್ಳುವ ಮಿಲ್ಲಿನಿಂದ ಮಾತ್ರ ಕೊಳ್ಳುತ್ತಾರಂತೆ. ಅದಕ್ಕೇ ಬೆಳಿಗ್ಗೆ ಎಲ್ಲ ಹೆಂಗಸರಿಗೂ ಹೊಸ ಮಾಸ್ಕು ಹಂಚಿದ್ದರು.

“ಸಾವಕಾರ್ರ, ಈ ಮುದಿಕಿ ಕೆಲಸ ಕೆಡಸ್ತಾಳ್ರಿ,” ಎಂದ ಬಸಲಿಂಗ.

“ಹತ್ತಿಕಾಳಿನ ಕೋಣ್ಯಾಗ ಹಾಕಿ ಚಿಲಕ ಹಾಕು.” ಮಿಲ್ಲಿನ ಸಾಹುಕಾರ ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಬ್ಯಾಡ್ರಿ ಯಪ್ಪಾ, ಅಲ್ಲಿ ಧೂಳ ಭಾಳ ಅದ. ಮನಿಗಿ ಕಳಸ್ರಿ,” ಮೌನೇಶ್ವರಿ ಬೇಡಿಕೊಂಡಳು.

“ಕಾರ್ ಬರೋ ಹೊತ್ತಿನ್ಯಾಗ ಆಕಿ ಗೇಟಿನ ಮುಂದ ಕೆಮ್ಮಕೋತ ಹೋಗಬೇಕೇನು? ಮುಚ್ಚು ಬಾಯಿ!” ಬಸಲಿಂಗ ಗದರಿದ.

ಅಯ್ಯಮ್ಮ ತಾನೇ ಎದ್ದು ಕೋಣೆಗೆ ಹೋದಳು. ಹೊರಗಿನಿಂದ ಚಿಲಕ ಬಿತ್ತು.

ಬಂದವಳು ಒಬ್ಬ ಬಿಳಿಯ ಹೆಂಗಸು. ಕೈಯಲ್ಲಿ ಫೈಲು. ಅವಳ ಮಾತನ್ನು ಕನ್ನಡಕ್ಕೆ ಹೇಳಲು ಬೆಂಗಳೂರಿನವನೊಬ್ಬ ಜೊತೆಗಿದ್ದ.

“ಯಾರಿಗಾದ್ರೂ ಉಸಿರಾಟದ ತೊಂದರೆ ಇದೆಯಾ?” ಎಂದು ಅವನು ಕೇಳಿದ.

ಹೆಂಗಸರು ತಲೆ ತಗ್ಗಿಸಿ ಆರಿಸುತ್ತಲೇ ಇದ್ದರು. ಯಂತ್ರ ನಿಲ್ಲಿಸಿದ್ದರು. ಆ ನಿಶ್ಶಬ್ದದಲ್ಲಿ ಕಾಳಿನ ಕೋಣೆಯಿಂದ ಕೆಮ್ಮು ಕೇಳಿತು. ಬಿಳಿಯ ಹೆಂಗಸು ಅತ್ತ ತಿರುಗಿದಳು.

“ನಾಯಿರೀ, ಕಾವಲಿಗಿ ಸಾಕೀವಿ. ಜಡ್ಡಾಗ್ಯಾದ,” ಎಂದ ಸಾಹುಕಾರ.

ಬೆಂಗಳೂರಿನವನು ಅದನ್ನು ಇಂಗ್ಲಿಷಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. ಏನೋ ಕೇಳಿದಳು. “ನಾಯಿಗೆ ಡಾಕ್ಟರ್ ತೋರಿಸಿದ್ದೀರಾ ಅಂತ ಕೇಳ್ತಿದ್ದಾರೆ,” ಎಂದ ಬೆಂಗಳೂರಿನವನು.

ಮೌನೇಶ್ವರಿ ಮಾಸ್ಕು ಕಿತ್ತೆಸೆದು ಎದ್ದಳು. “ನಾಯಿ ಅಲ್ರಿ ಅದು. ನಮ್ಮತ್ತಿ!”

ಬಸಲಿಂಗ ಅಡ್ಡ ಬರುವಷ್ಟರಲ್ಲಿ ಅವಳು ಚಿಲಕ ತೆಗೆದಿದ್ದಳು. ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿದ ಅಯ್ಯಮ್ಮ ಗೋಡೆ ಹಿಡಿದು ಹೊರಗೆ ಬಂದಳು.

“ನಿಮ್ಮನ್ನ ಯಾರಮ್ಮ ಕೂಡಿ ಹಾಕಿದ್ದು?” ಬೆಂಗಳೂರಿನವನು ಕೇಳಿದ.

ಅಯ್ಯಮ್ಮ ಸಾಹುಕಾರನನ್ನು ನೋಡಿದಳು. “ಯಾರೂ ಇಲ್ರಿ ಯಪ್ಪಾ. ನಾನ ಸ್ವಲ್ಪ ಅಡ್ಡಾಗಿದ್ದೆ.”

ಬೆಂಗಳೂರಿನವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಬಿಳಿಯ ಹೆಂಗಸು ಸಮಾಧಾನದಿಂದ ನಕ್ಕು ಫೈಲಿನಲ್ಲಿ ಬರೆದುಕೊಂಡಳು.

“ಏನ್ ಹೇಳಿದ್ರಿ ಆಕಿಗಿ?” ಮೌನೇಶ್ವರಿ ಕೇಳಿದಳು.

“ಅವರು ಹೇಳಿದ್ದನ್ನೇ. ವಿಶ್ರಾಂತಿ ತಗೊಳ್ತಿದ್ರು ಅಂತ.”

“ಚಿಲಕ ಹೊರಗಿತ್ತಲ್ಲ, ಅದನ್ನೂ ಹೇಳ್ರಿ. ನಾಯಿ ಅಂದದ್ದು ಯಾರಿಗಿ, ಅದನ್ನೂ ಹೇಳ್ರಿ!”

ಅವನು ಗಡಿಯಾರ ನೋಡಿಕೊಂಡ. “ಊಟ ತಯಾರದ, ಬರ್ರಿ ಸರ,” ಎಂದ ಸಾಹುಕಾರ.

ಅಷ್ಟರಲ್ಲಿ ಅಯ್ಯಮ್ಮನಿಗೆ ಮತ್ತೆ ಕೆಮ್ಮು ಒತ್ತಿ ಬಂತು. ಬಗ್ಗಿ ಅಂಗೈಗೆ ಉಗಿದಳು. ಮೌನೇಶ್ವರಿ ಆ ಕೈಯ ಮಣಿಕಟ್ಟು ಹಿಡಿದು ಎಳೆದು ತಂದು, ಬಿಳಿಯ ಹೆಂಗಸಿನ ತೆರೆದ ಫೈಲಿನ ಮೇಲೆ ಒರೆಸಿಬಿಟ್ಟಳು. ಬೂದು ಕಫ, ಅದರೊಳಗೆ ಹತ್ತಿಯ ಎಳೆ, ಕೆಂಪನೆಯ ಒಂದು ಗೆರೆ.

“ಈಗ ಬರ್ಕೊ ಯವ್ವಾ.”

ಸಾಹುಕಾರನ ಕಣ್ಸನ್ನೆಗೆ ಬಸಲಿಂಗ ಆ ಹಾಳೆ ಹರಿದುಕೊಳ್ಳಲು ಮುನ್ನುಗ್ಗಿದ. ಅಷ್ಟು ಹೊತ್ತೂ ತಲೆ ತಗ್ಗಿಸಿ ಅರಳೆ ಆರಿಸುತ್ತ ಕೂತಿದ್ದ ಯಂಕಮ್ಮ ಎದ್ದು ಅವನ ಎದೆಗೆ ಎದೆ ಕೊಟ್ಟು ನಿಂತಳು. ಅವಳ ಹಿಂದೆ ದೇವಕಮ್ಮ. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ.

“ಮುಟ್ಟಲೇ ಭಾಡ್ಯಾ,” ಎಂದಳು ಯಂಕಮ್ಮ. “ಮುಟ್ಟಿ ನೋಡು.”