ತಿರುವಿನಲ್ಲಿ ಎತ್ತಿದ ಕೈ

“ದೊಡ್ಡವಳಾದ್ಮೇಲೆ ನಿನ್ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಆ ತಿರುವಿಗೆ ಹೋಗ್ತೀನಮ್ಮ. ಅಲ್ಲೇ ನಿಂತು, ಮಾಮ ಕುಡಿದಿರ್ಲಿಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ.”

ಹೀಗೆ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ. ಅಮ್ಮ ಜೈಲಿನಿಂದ ಆಗಷ್ಟೇ ಬಂದು, ಪಂಕ್ಚರ್ ಅಂಗಡಿಯ ಹೊಸಿಲ ಮೇಲೆ ಚಪ್ಪಲಿಯನ್ನೂ ಬಿಡದೆ ಕೂತಿದ್ದಳು. ಮಗಳ ಮುಖ ನೋಡಿ, “ಆಯ್ತು ಕಣೇ, ಮೊದ್ಲು ಮೂಗು ಒರೆಸ್ಕೋ” ಅಂದಳು. ಅಷ್ಟೇ. ಆದರೆ ಒಂಬತ್ತರ ಹುಡುಗಿ ಕೊಟ್ಟ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ. ಎಷ್ಟು ದೂರ ನಡೆದರೂ ಅಲ್ಲೇ ಇರುತ್ತದೆ, ಅಲ್ಲೇ ಒತ್ತುತ್ತದೆ.

ಅಂಗಡಿ ಅಮ್ಮನದೂ ಅವಳ ತಮ್ಮನದೂ. ತಮ್ಮನನ್ನು ಊರೆಲ್ಲ ಗಾಳಿಮಾಮ ಎಂದೇ ಕರೆಯುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿನ ಚಕ್ರಗಳಿಗೆಲ್ಲ ಗಾಳಿ ತುಂಬುತ್ತಿದ್ದವನು ಅವನೇ. ಮರದ ಕಂಪನಿ ನದಿಯ ದಂಡೆಯ ಕಾಡನ್ನು ಕಡಿದು, ದಿಮ್ಮಿಗಳನ್ನು ನೀರಿನಲ್ಲಿ ತೇಲಿಬಿಡತೊಡಗಿದಾಗ ಜನ ಬೇರೆಲ್ಲ ದಾರಿ ಹಿಡಿದು ನೋಡಿದರು, ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಲಾರಿಯ ಹಳೇ ಟ್ಯೂಬುಗಳಿಗೆ ಗಾಳಿ ತುಂಬಿ, ಹಗ್ಗದಿಂದ ಪೋಣಿಸಿ, ನದಿಯ ತಿರುವಿನಲ್ಲಿ ಈ ದಡದಿಂದ ಆ ದಡಕ್ಕೆ ಕಟ್ಟಿದರು. ಒಂದೊಂದು ಟ್ಯೂಬಿನ ಮೇಲೆ ಒಬ್ಬೊಬ್ಬರು ಮಲಗಿದರು. ಮನುಷ್ಯರ ಮೇಲೆ ಮರ ಬಿಡಲಾರರು ಎಂಬ ನಂಬಿಕೆ. ದಿಮ್ಮಿ ಬಿಡುವ ಮೊದಲು ಮೇಲಿನಿಂದ ಸೈರನ್ ಕೂಗಿಸುತ್ತೇವೆ ಎಂದು ಕಂಪನಿಯವರೂ ಒಪ್ಪಿದ್ದರು.

ಒಂದು ಬೆಳಗಿನ ಜಾವ ಸೈರನ್ ಕೂಗಲಿಲ್ಲ. ದಿಮ್ಮಿಗಳು ಬಂದವು. ಉಳಿದವರು ಟ್ಯೂಬಿನ ಸಾಲು ಹಿಡಿದು ಈಜಿ ದಡ ಸೇರಿದರು. ಗಾಳಿಮಾಮ ನಟ್ಟನಡುವಿನ ಟ್ಯೂಬಿನ ತೂತನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ. ಅವನು ಬಿಟ್ಟರೆ ಸಾಲೇ ಮುಳುಗುತ್ತಿತ್ತು. ಅವನು ಬಿಡಲಿಲ್ಲ, ದಿಮ್ಮಿಗಳಡಿ ಸಿಕ್ಕಿ ಸತ್ತ. ವಿಚಾರಣೆ ನಡೆಸಿದವರು ‘ಮದ್ಯದ ಅಮಲಿನಲ್ಲಿ ನೀರಿಗೆ ಬಿದ್ದ’ ಎಂದು ಬರೆದು ಕೈತೊಳೆದುಕೊಂಡರು. ದಡದಲ್ಲಿ ನಿಂತು ಎಲ್ಲ ಕಂಡಿದ್ದ ಅಮ್ಮನನ್ನು, ನದಿ ಅಡ್ಡಗಟ್ಟಿದ್ದಕ್ಕೆಂದು ಒಳಗೆ ಹಾಕಿದರು.

ಆ ಸಾವಿನ ಗದ್ದಲಕ್ಕೆ ಮರ ಕಡಿಯುವುದು ನಿಂತು, ಕೊನೆಗೂ ಕಾಡು ಉಳಿಯಿತು. ಆದರೆ ಹೋರಾಡಿದವರಿಗೆ ಕಾಡಿನ ದಾರಿ ಮುಚ್ಚಿತು. ವರ್ಷಗಳ ಮೇಲೆ ಅದೇ ದಾರಿಗೆ ಕೆಂಪು ಮಣ್ಣು ಹಾಸಿ, ಗೇಟು ಇಟ್ಟು, ಬಾಡಿಗೆ ಸೈಕಲ್ಲು ಜೋಡಿಸಿ ಪ್ರವಾಸ ಶುರುವಾಯಿತು. ನಡೆಸುವವರು ಯಾರು? ಅದೇ ಕಂಪನಿ. ಹೆಸರು ಬದಲಾಗಿತ್ತು, ಬೋರ್ಡಿನ ಮೇಲೆ ಗರಗಸದ ಜಾಗದಲ್ಲಿ ಹಸಿರು ಎಲೆ ಬಂದಿತ್ತು. ಊರಲ್ಲಿ ಕೆಲಸ ಕೊಡುವವರು ಅವರೊಬ್ಬರೇ. ಆದ್ದರಿಂದ ಅವಳೂ ಅಲ್ಲಿಗೇ ಸೇರಿದಳು. ಲಾರಿ ಓಡಿಸುವ ಗಂಡ ಬಂದಾಗ ಬಂದ, ಹೋದಾಗ ಹೋದ. ಶಾಲೆಗೆ ಹೋಗುವ ಇಬ್ಬರು ಮಕ್ಕಳ ಹೊಟ್ಟೆ ಮಾತ್ರ ದಿನಾ ಮನೆಯಲ್ಲೇ ಇರುತ್ತಿತ್ತು. ಕೆಲಸಕ್ಕೆ ಸೇರಿದ ದಿನ ಅಮ್ಮ ಅವಳ ಸೈಕಲ್ಲಿನ ಬ್ರೇಕು ಬಿಗಿಮಾಡಿ ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳ ಕೆಲಸ ಮುಂದಾಳುವಿನದು. ಸಾಲಿನ ತಲೆಯಲ್ಲಿ ಅವಳು, ಬಾಲದಲ್ಲಿ ಮ್ಯಾನೇಜರು, ನಡುವೆ ಪ್ರವಾಸಿಗರು. ಮುಂದಾಳು ಕೈ ಎತ್ತಿದರೆ ಎಲ್ಲರೂ ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಊರಬೇಕು. ಕೈ ಇಳಿಯುವವರೆಗೆ ಯಾರೂ ಪೆಡಲ್ ತುಳಿಯುವಂತಿಲ್ಲ. ಯಾರೋ ಒಬ್ಬ ಸೈಕಲ್ ಸಮೇತ ಸೊಂಟದವರೆಗೂ ನದಿಗೆ ಇಳಿದುಹೋದ ಮೇಲೆ ಮ್ಯಾನೇಜರೇ ಮಾಡಿದ ನಿಯಮವಿದು. ದಿನಾ ಹೊರಡುವ ಮುನ್ನ ಅದನ್ನವನು ಶಾಲೆಯ ಪ್ರಾರ್ಥನೆಯಂತೆ ಒಪ್ಪಿಸುತ್ತಿದ್ದ.

ತಿರುವಿನಲ್ಲೊಂದು ಫಲಕವಿತ್ತು: ‘ಇಲ್ಲಿ ಜನರೂ ಉದ್ಯಮವೂ ಕೈಜೋಡಿಸಿ ಕಾಡನ್ನು ಉಳಿಸಿದರು. ದುರದೃಷ್ಟವಶಾತ್ ಒಬ್ಬರು ಕಾಲು ಜಾರಿ ಬಿದ್ದರು.’ ಅವಳು ದಿನಾ ಅದರ ಮುಂದೆ ಕೈ ಎತ್ತಬೇಕು, ಅದನ್ನೇ ನಗುಮುಖದಿಂದ ಓದಿ ಹೇಳಬೇಕು. ಮೊದಮೊದಲು ಓದುವಾಗ ನಾಲಿಗೆ ಒಣಗುತ್ತಿತ್ತು. ಆಮೇಲೆ ಒಣಗುವುದೂ ನಿಂತಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೆಚ್ಚು ಸಿಟ್ಟು.

ಹೀಗಿರುವಾಗ ಒಂದು ದಿನ ಮ್ಯಾನೇಜರು ಅವಳನ್ನು ಸೈಕಲ್ ಶೆಡ್ಡಿಗೆ ಕರೆದ. ಒಳಗೆ ಹೊಸ ಟ್ಯೂಬುಗಳ ರಾಶಿ. ಹಳದಿ, ಗುಲಾಬಿ, ನೀಲಿ. ಪಕ್ಕದಲ್ಲಿ ಸ್ಪಂಜಿನಿಂದ ಮಾಡಿದ ದಿಮ್ಮಿಗಳು.

“ಹೊಸ ಐಡಿಯಾ! ‘ಹೋರಾಟದ ಅನುಭವ’ ಅಂತ ಹೆಸರಿಟ್ಟಿದ್ದೀವಿ. ಬಂದೋರು ಸಾಲಾಗಿ ಟ್ಯೂಬ್ ಮೇಲೆ ಮಲಗ್ತಾರೆ. ನೀವು ‘ದಿಮ್ಮಿ ಬಂತು, ದಿಮ್ಮಿ ಬಂತು!’ ಅಂತ ಕೂಗ್ತೀರ. ನಮ್ಮ ಹುಡುಗರು ಮೇಲಿಂದ ಇವನ್ನ ಬಿಡ್ತಾರೆ. ಧಬ್! ಎಲ್ಲರೂ ನೀರಿಗೆ. ಫೋಟೋ. ಹೇಗಿದೆ?”

ಅವಳು ಗುಲಾಬಿ ಟ್ಯೂಬನ್ನೇ ನೋಡುತ್ತ ನಿಂತಳು.

“ಸರ್, ಅಲ್ಲಿ ಒಬ್ಬರು ಸತ್ತಿದ್ದಾರೆ.”

“ಗೊತ್ತು ಮೇಡಂ, ಪಾಪ. ಅದಕ್ಕೇ ಆ ವಿಷ್ಯ ಎತ್ತೋದೇ ಬೇಡ. ಜನ ಖುಷಿಯಾಗಿರೋಕೆ ಬರ್ತಾರೆ, ಅಳೋಕಲ್ಲ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ತಾಯಿನೂ ಆ ಹೋರಾಟದಲ್ಲಿದ್ರಂತೆ? ಭಾನುವಾರ ಉದ್ಘಾಟನೆಗೆ ಕರ್ಕೊಂಡು ಬನ್ನಿ. ಎರಡು ಸೀಟಿನ ಸೈಕಲ್ ಇದೆಯಲ್ಲ, ಹಿಂದೆ ಕೂರಿಸ್ಕೊಳ್ಳಿ. ಏನೂ ಮಾತಾಡ್ಬೇಕಾಗಿಲ್ಲ, ಕೈ ಬೀಸಿದ್ರೆ ಸಾಕು. ನಿಜವಾದ ಹೋರಾಟಗಾರ್ತಿ ಅಂದ್ರೆ ಜನಕ್ಕೆ ಒಂಥರಾ ಥ್ರಿಲ್!”

ಥ್ರಿಲ್! ದಾರಿಯುದ್ದಕ್ಕೂ ಆ ಪದವನ್ನು ಅವಳು ಹಲ್ಲಿನ ನಡುವೆ ಅರೆಯುತ್ತಲೇ ಮನೆಗೆ ಬಂದಳು. ಪೆಡಲ್ ತುಳಿದ ರಭಸಕ್ಕೆ ಚೈನು ಎರಡು ಸಲ ಕಳಚಿತು. ಕೊಂದವರೇ ಕೊಂದ ಜಾಗದಲ್ಲಿ ಕೊಂದ ರೀತಿಯನ್ನೇ ಆಟ ಮಾಡಿ ಆಡಿಸುತ್ತಾರೆ. ಸತ್ತವನ ಅಕ್ಕನೇ ಅಲ್ಲಿ ಕೂತು ಕೈ ಬೀಸಬೇಕು! ಇಂಥದ್ದನ್ನು ಯೋಚಿಸುವ ತಲೆಯೊಳಗೆ ಏನು ತುಂಬಿರುತ್ತದೆ, ಸ್ಪಂಜೇ?

ಅಮ್ಮ ಮುಂದಿನ ಕೋಣೆಯಲ್ಲಿ ನೀರಿನ ಬೋಗುಣಿಯೊಳಗೆ ಟ್ಯೂಬು ಅದ್ದಿ ಗುಳ್ಳೆ ಹುಡುಕುತ್ತಿದ್ದಳು. ಮಗಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕಾರಿಕೊಂಡಳು.

“ನೀನು ಬರಲ್ಲ ಅಂತ ಹೇಳಿಬಿಡ್ತೀನಿ.”

“ಯಾಕೆ? ನಾನು ಬರ್ತೀನಿ.”

“ಅಮ್ಮಾ! ನಿನ್ನನ್ನ ಗೊಂಬೆ ಥರ ಕೂರಿಸ್ತಾರೆ!”

“ಕೂರಿಸ್ಲಿ ಬಿಡೇ. ಗೇಟು ದಾಟೋಕೆ ಬೇರೆ ದಾರಿ ಇದ್ಯಾ? ಅವನು ಹೋದ ಜಾಗವನ್ನ ಆವತ್ತಿಂದ ನಾನು ನೋಡಿಲ್ಲ.” ಅಮ್ಮ ಗುಳ್ಳೆ ಎದ್ದ ಜಾಗಕ್ಕೆ ಬೆರಳೊತ್ತಿದಳು. “ನೀನು ನನ್ನನ್ನ ಹೊತ್ಕೊಂಡು ತುಳೀತೀಯೋ ಇಲ್ವೋ, ಅದು ಹೇಳು. ಮೊದಲಿನ ಹಾಗೆ ಇಲ್ಲ ನಾನು, ತೂಕ ಜಾಸ್ತಿಯಾಗಿದೆ.”

“ತುಳೀತೀನಿ.”

“ಮತ್ತೆ ಬಾಯಿ?”

ಒಳಗಿನಿಂದ ಅವಳ ಪುಟ್ಟ ಮಗಳು, “ಅಮ್ಮ, ನನ್ನ ಶೂ ಹರಿದಿದೆ” ಎಂದು ಕೂಗಿದಳು. ಶೂ, ಪುಸ್ತಕ, ಬಾಡಿಗೆ, ಕಿರಿಯವನ ಕೆಮ್ಮಿನ ಔಷಧ. ಬಾಯಿ ತೆರೆದರೆ ಇವೆಲ್ಲ ಒಟ್ಟಿಗೇ ಕುತ್ತಿಗೆಗೆ ಬರುತ್ತವೆ. ಮಾತು ಕೊಟ್ಟಾಗ ಒಂಬತ್ತರ ಹುಡುಗಿಗೆ ಈ ಲೆಕ್ಕವೆಲ್ಲಿ ಗೊತ್ತಿತ್ತು?

ಭಾನುವಾರ ಬಿಸಿಲು ಚೆನ್ನಾಗಿತ್ತು. ಗೇಟಿನ ಬಳಿ ಬಣ್ಣಬಣ್ಣದ ಹೆಲ್ಮೆಟ್ಟುಗಳ ಗುಂಪು: ಮಕ್ಕಳೊಂದಿಗೆ ಬಂದವರು, ಹೊಸದಾಗಿ ಮದುವೆಯಾದವರು, ದಾರಿಯುದ್ದಕ್ಕೂ ತನ್ನದೇ ಫೋಟೋ ತೆಗೆದುಕೊಳ್ಳುವ ದಪ್ಪ ಮೀಸೆಯವನೊಬ್ಬ. ಮ್ಯಾನೇಜರು ಅಮ್ಮನ ಕೈಹಿಡಿದು, “ಬನ್ನಿ ಅಮ್ಮಾವ್ರೇ, ನಿಮ್ಮಂಥೋರಿಂದ್ಲೇ ಕಾಡು ಉಳಿದಿದ್ದು” ಅಂದ.

“ನಿಮ್ಮಂಥೋರಿಂದ ಉಳಿಸ್ಬೇಕಾಗಿ ಬಂತಪ್ಪ” ಅಂದಳು ಅಮ್ಮ. ಅವನು ಅದನ್ನು ತಮಾಷೆಯೆಂದೇ ತಿಳಿದು ಎಲ್ಲರಿಗಿಂತ ಜೋರಾಗಿ ನಕ್ಕ.

ಸಾಲು ಹೊರಟಿತು. ದಾರಿ ನದಿಯ ಜೊತೆಜೊತೆಗೇ ಸಾಗುತ್ತಿತ್ತು. ಎಲೆಗಳ ಸಂದಿಯಿಂದ ಬೆಳಕಿನ ಚೂರುಗಳು ಮಣ್ಣಿನ ಮೇಲೆ ಬಿದ್ದಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮ ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟು ಕೂತಿದ್ದಳು. ಏರು ಬಂದಾಗ ಮಾತ್ರ ಅವಳೂ ತುಳಿದಳು. ತಬ್ಬಿದರೂ ಕೈಗೆ ಸಿಗದಷ್ಟು ದಪ್ಪದ ಮರಗಳು ಎರಡೂ ಬದಿಗೆ.

“ಇದು ಉಳೀತು” ಎಂದಳು ಅಮ್ಮ. ಸ್ವಲ್ಪ ದೂರ ಹೋಗಿ, “ಇದೂ ಉಳೀತು.” ಮನೆಮಂದಿಯ ತಲೆ ಎಣಿಸಿದಂತೆ.

ತಿರುವು ಬಂತು. ಫಲಕದ ಆಚೆ, ನೀರಿನ ಮೇಲೆ, ಗುಲಾಬಿ ಹಳದಿ ಟ್ಯೂಬುಗಳು ಹಗ್ಗಕ್ಕೆ ಕಟ್ಟಿಸಿಕೊಂಡು ಕುಣಿಯುತ್ತಿದ್ದವು. ಅವಳು ಕೈ ಎತ್ತಿದಳು.

ಕಿರ್ರೆಂದು ಬ್ರೇಕುಗಳು ಬಿದ್ದವು. ಎಲ್ಲರ ಒಂದೊಂದು ಕಾಲು ನೆಲಕ್ಕೆ ಬಂತು. ಎಲ್ಲರೂ ಅವಳತ್ತ ನೋಡಿದರು.

ರೂಢಿಯಂತೆ ಬಾಯಿ ತೆರೆದುಕೊಂಡಿತು. “ಇಲ್ಲಿ ಜನರೂ ಉದ್ಯಮವೂ ಕೈಜೋಡಿಸಿ...” ಅಷ್ಟು ಹೇಳಿ ನಿಂತಳು. ಎತ್ತಿದ ಕೈ ಇಳಿಯಲಿಲ್ಲ.

“ಇಲ್ಲ. ಇದು ಸುಳ್ಳು” ಎಂದಳು. “ದಿನಾ ನಾನೇ ಓದಿ ಹೇಳೋ ಸುಳ್ಳು. ಯಾರೂ ಕೈಜೋಡಿಸ್ಲಿಲ್ಲ. ಇಲ್ಲಿ ಜನ ಟ್ಯೂಬ್ ಮೇಲೆ ಮಲಗಿದ್ರು, ಕಂಪನಿ ಅವರ ಮೇಲೆ ಮರ ಬಿಟ್ಟಿತು. ಸೈರನ್ ಕೂಗಿಸ್ತೀವಿ ಅಂದಿದ್ರು, ಕೂಗಿಸ್ಲಿಲ್ಲ. ನಟ್ಟನಡುವೆ ನನ್ನ ಸೋದರಮಾವ ಇದ್ದ. ಕಾಲು ಜಾರಿ ಬಿದ್ದಿದ್ದಲ್ಲ.”

“ಮೇಡಂ!” ಬಾಲದ ತುದಿಯಿಂದ ಮ್ಯಾನೇಜರು ಕೂಗಿದ. ಮುಂದೆ ಬರಲು ಪೆಡಲಿನ ಮೇಲೆ ಕಾಲಿಟ್ಟ.

“ಸರ್, ಕೈ ಮೇಲಿದೆ” ಎಂದಳು ಅವಳು.

“ಅಂಕಲ್, ಕೈ ಮೇಲಿದ್ರೆ ತುಳೀಬಾರ್ದು ಅಂತ ನೀವೇ ಅಂದ್ರಲ್ಲ!” ಚಿಕ್ಕ ಹುಡುಗಿಯೊಬ್ಬಳು ಗದರಿಸಿಯೇ ಬಿಟ್ಟಳು. ಯಾರೋ ಕಿಸಕ್ಕೆಂದು ನಕ್ಕರು. ಮ್ಯಾನೇಜರನ ಕಾಲು ಮತ್ತೆ ನೆಲಕ್ಕೆ ಬಂತು.

“ಕುಡಿದು ಬಿದ್ದ ಅಂತ ಬರೆದ್ರು. ಸಾಕ್ಷಿ ಹೇಳಿದ್ದು ಕಂಪನಿಯ ಮೇಸ್ತ್ರಿ. ‘ಹಿಂದಿನ ಸಂಜೆ ಮಾತುಕತೆಗೆ ಬಂದಿದ್ದ, ಹತ್ತಿರ ನಿಲ್ಲೋಕಾಗದಷ್ಟು ವಾಸನೆ’ ಅಂದ. ವಾಸನೆ ಇದ್ದಿದ್ದು ನಿಜ. ಹಗಲೂ ರಾತ್ರಿ ಆ ಟ್ಯೂಬುಗಳಿಗೆಲ್ಲ ತೇಪೆ ಹಾಕಿದೋನು ಅವನು. ಅಂಗಿ, ಕೂದಲು, ಬೆರಳು, ಎಲ್ಲಾ ಕಡೆ ತೇಪೆ ಅಂಟಿಸೋ ಪಂಕ್ಚರ್ ಸೊಲ್ಯೂಷನ್ ಮೆತ್ತಿತ್ತು. ಅಷ್ಟೇ. ನನ್ನ ಮಾಮ ಕುಡಿದಿರ್ಲಿಲ್ಲ. ಒಂದು ಹನಿನೂ ಕುಡಿದಿರ್ಲಿಲ್ಲ!”

ಕೊನೆಯ ಮಾತು ಆಚೆ ದಡಕ್ಕೆ ತಾಗಿ ಬಂತು. ಎತ್ತಿದ ತೋಳು ಇಳಿಯದಂತೆ ಅವಳು ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟಳು.

ಅಮ್ಮ ಹಿಂದಿನ ಸೀಟಿನಿಂದ ಇಳಿದಳು. ಸೊಂಟದ ಚೀಲದಿಂದ ಸೊಲ್ಯೂಷನ್ನಿನ ಪುಟ್ಟ ಟ್ಯೂಬು ತೆಗೆದು, ಮುಚ್ಚಳ ತಿರುಗಿಸಿ, ಎಲ್ಲರಿಗಿಂತ ಮುಂದಿದ್ದ ಮೀಸೆಯವನ ಮೂಗಿನ ಹತ್ತಿರ ಹಿಡಿದಳು. “ಮೂಸಿ ನೋಡಪ್ಪ.”

ಅವನು ಮೂಸಿ ಮುಖ ಹಿಂದಕ್ಕೆಳೆದ. “ಅಬ್ಬಾ! ತಲೆಗೇರತ್ತೆ.”

“ಹ್ಞಾಂ. ಅದನ್ನೇ ನನ್ನ ತಮ್ಮನ ಹಣೆಗೆ ಅಂಟಿಸಿದ್ದು” ಎಂದಳು ಅಮ್ಮ. ಒಬ್ಬರಿಂದ ಒಬ್ಬರಿಗೆ ಆ ಟ್ಯೂಬು ಸಾಲಿನುದ್ದಕ್ಕೂ ಸಾಗಿತು. ಕೆಲವರು ಮೂಸಿದರು. ಕೆಲವರು ಮುಖ ತಿರುಗಿಸಿದರು. ಒಬ್ಬಾತ ಗಡಿಯಾರ ನೋಡಿ, “ನೀರಿಗಿಳಿಯೋದು ಯಾವಾಗ? ಅದಕ್ಕೂ ಸೇರಿಸಿ ದುಡ್ಡು ಕಟ್ಟಿದ್ದೀವಿ” ಎಂದ. ಅವನ ಹೆಂಡತಿ ಅವನ ತೋಳು ಚಿವುಟಿದಳು.

ಅವಳು ಕೈ ಇಳಿಸಿದಳು.

ಮ್ಯಾನೇಜರು ಸೈಕಲ್ಲನ್ನು ನೂಕಿಕೊಂಡೇ ಓಡಿಬಂದ. ಕಿವಿಯವರೆಗೂ ಕೆಂಪೇರಿದ್ದ. “ಅನ್ನ ಕೊಟ್ಟವರಿಗೇ ಹೀಗಾ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!”

“ಅನ್ನ ನಾನು ಸೈಕಲ್ ತುಳಿದು ತಿಂದಿದ್ದು ಸರ್. ನೀವು ಕೊಟ್ಟಿದ್ದು ಆ ಸುಳ್ಳು ಮಾತ್ರ.”

“ಆಯ್ತು, ಈಗ ವಾಪಸ್ ಯಾರು ಕರ್ಕೊಂಡು ಹೋಗ್ತಾರೆ? ಇವತ್ತೊಂದು ದಿನ ಮುಂದಾಳಾಗಿ...”

“ನಾಳೆಯಿಂದ ಬೇಡದೋಳು ಇವತ್ತೂ ಬೇಡ.”

ಮಕ್ಕಳನ್ನು ಕರೆತಂದವರು ದಡದಲ್ಲೇ ಕೂತರು. ಉಳಿದ ಬಹುಪಾಲು ಜನ ಬಟ್ಟೆ ಬದಲಿಸಿ ನೀರಿಗಿಳಿದರು. ಮ್ಯಾನೇಜರೇ “ದಿಮ್ಮಿ ಬಂತು!” ಎಂದು ಕೂಗಿದ. ಸ್ಪಂಜಿನ ದಿಮ್ಮಿಗಳು ತೇಲಿ ಬಂದವು. ಜನ ಕೇಕೆ ಹಾಕಿ ನೀರಿಗುರುಳಿದರು, ಫೋಟೋ ತೆಗೆಸಿಕೊಂಡರು. ಅವಳಿಗೆ ಕಲ್ಲೆತ್ತಿ ಬೀಸುವಷ್ಟು ಸಿಟ್ಟು ಬಂತು. ಬೀಸಲಿಲ್ಲ. ಅಮ್ಮ ನೀರಿನ ಅಂಚಿನಲ್ಲಿ ನಿಂತು ನಡುವಿನ ಟ್ಯೂಬಿನ ಜಾಗವನ್ನು ಬಹಳ ಹೊತ್ತು ನೋಡಿದಳು.

“ಶೂಗೆ ಏನ್ಮಾಡ್ತೀಯಾ?” ಕೊನೆಗೆ ಕೇಳಿದಳು.

“ನೋಡೋಣ. ನಿನ್ನ ಅಂಗಡೀಲಿ ಕೆಲಸ ಇದ್ಯಾ?”

“ಇದೆ. ಬಾಯಿ ಜೋರಿದ್ರೆ ಗಿರಾಕಿ ಓಡ್ತಾರೆ ಅಷ್ಟೇ.”

ಎರಡು ಸೀಟಿನ ಸೈಕಲ್ಲನ್ನು ಫಲಕಕ್ಕೆ ಒರಗಿಸಿ, ಇಬ್ಬರೂ ನಡೆದೇ ಮನೆಯ ದಾರಿ ಹಿಡಿದರು. ಫಲಕ ಇಂದಿಗೂ ಅಲ್ಲೇ ಇದೆ, ಅದರ ಮೇಲಿನ ಒಂದಕ್ಷರವೂ ಬದಲಾಗಿಲ್ಲ. ಟ್ಯೂಬಿನ ಆಟವೂ ನಡೆಯುತ್ತಿದೆ. ಆದರೆ ಒಂಬತ್ತರ ವಯಸ್ಸಿನಲ್ಲಿ ಅಮ್ಮನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.